ಸೆಪ್ಟೆಂಬರ್ ತಿಂಗಳ ಮಾವೊರಿ ಪಾಠ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಈ ಸೆಪ್ಟೆಂಬರ್ ಪೂರ್ತಿ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಮಾವೊರಿ ಭಾಷೆಯಲ್ಲಿ ಮಾತಾಡಿಸುವುದನ್ನು ಕಲಿಯುತ್ತಾರೆ. ಇದು ನ್ಯೂಜಿಲೆಂಡ್‌ನ ಮೂಲನಿವಾಸಿಗಳ ಭಾಷೆ. ಮಗು ಮನೆಗೆ ಬಂದು "ಕಿಯ ಒರ" (ನಮ್ಮ ನಮಸ್ಕಾರದ ಹಾಗೆ) ಅಂದರೆ ನೀವೂ "ಕಿಯ ಒರ" ಅನ್ನಿ, ಸಾಕು.

"ಇಂಗ್ಲಿಷೇ ಇನ್ನೂ ನೆಟ್ಟಗೆ ಬರಲ್ಲ, ಇದೆಲ್ಲ ಯಾಕೆ ಮೇಡಂ?" ಅಂತ ಕೆಲವರು ಕೇಳೇ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಯಾವ ಮಗುವಿನ ಮನೆಯಲ್ಲೂ ಈ ಭಾಷೆ ಇಲ್ಲ. ಇದಕ್ಕೆ ಟ್ಯೂಷನ್ ಇಲ್ಲ, ಗೈಡ್ ಇಲ್ಲ. ಜಾಣರಿಗೂ ಹಿಂದಿನ ಬೆಂಚಿನವರಿಗೂ ಒಂದೇ ಗೆರೆಯಿಂದ ಓಟ. ಟೀಚರಿಗೂ ಅಷ್ಟೇ. ತರಗತಿಯಲ್ಲಿ ಬಾಯಿ ಬಿಡಲು ಹೆದರುವ ಮಕ್ಕಳಿಗಾಗಿಯೇ ಇದನ್ನು ಆರಿಸಿಕೊಂಡೆವು.

ಉಚ್ಚಾರಣೆ ನಮಗೆ ಅಷ್ಟೇನೂ ಕಷ್ಟವಲ್ಲ. ಎ-ಏ, ಒ-ಓ ವ್ಯತ್ಯಾಸ ಅಲ್ಲೂ ಇದೆ. ಹಾಗಾಗಿ ಮಕ್ಕಳು ಕನ್ನಡದಲ್ಲೇ ಬರೆದುಕೊಳ್ಳಲಿ. ತಲೆ ಕೆಡಿಸುವುದು ಲೆಕ್ಕ! ನಮಸ್ಕಾರ ಹೇಳುವಾಗ ಎದುರಿಗೆ ಒಬ್ಬರಿದ್ದರೆ "ತೇನಾ ಕೊಯೆ", ಇಬ್ಬರಿದ್ದರೆ "ತೇನಾ ಕೋರುಅ", ಮೂವರು ಅಥವಾ ಜಾಸ್ತಿ ಜನರಿದ್ದರೆ "ತೇನಾ ಕೊಉತೊಉ". ಬೀಳ್ಕೊಡುವಾಗಲೂ ಎರಡು ಬಗೆ. ಹೊರಟವರಿಗೆ "ಹಯೆರೆ ರಾ", ಉಳಿದವರಿಗೆ "ಎ ನೊಹೊ ರಾ". ಎಷ್ಟು ಜನ ಇದ್ದಾರೆ, ಯಾರು ಹೊರಟರು ಅಂತ ನೋಡದೆ ಬಾಯಿ ತೆರೆಯುವ ಹಾಗಿಲ್ಲ. ತಲೆ ಎತ್ತದೆ "ಗುಡ್ ಮಾರ್ನಿಂಗ್ ಮಿಸ್" ಅಂತ ರಾಗ ಎಳೆಯುವ ನಮ್ಮ ಮಕ್ಕಳಿಗೆ ಇದು ಬೇಕಿತ್ತು, ಅಲ್ವಾ?

ಈ ಭಾಷೆಯ ಕಥೆಯನ್ನೂ ಹೇಳುತ್ತೇವೆ. ಒಂದು ಕಾಲದಲ್ಲಿ ಅಲ್ಲಿನ ಶಾಲೆಗಳಲ್ಲಿ ಮಾವೊರಿ ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಶಾಲೆಯಲ್ಲಿ ಅದನ್ನು ಕಲಿಸಿ ಎಂದು 30,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಅಲ್ಲಿನ ಸಂಸತ್ತಿಗೆ ತಲುಪಿದ್ದು 1972ರ ಸೆಪ್ಟೆಂಬರ್ 14ರಂದು. ನಾವು ಈ ತಿಂಗಳನ್ನೇ ಹಿಡಿದದ್ದು ಅದಕ್ಕೆ. 1984ರಲ್ಲಿ ಆಕ್ಲೆಂಡ್‌ನ ಟೆಲಿಫೋನ್ ಆಪರೇಟರ್ ನೈಡಾ ಗ್ಲಾವಿಶ್ ಕರೆ ಮಾಡಿದವರಿಗೆ "ಕಿಯ ಒರ" ಅನ್ನುತ್ತಿದ್ದರು. ಹಾಗೆ ಅನ್ನಬೇಡಿ ಎಂದು ಮೇಲಿನವರು ತಾಕೀತು ಮಾಡಿದರು. ಆಕೆ ಜಗ್ಗಲಿಲ್ಲ. ದೇಶದಲ್ಲೆಲ್ಲ ದೊಡ್ಡ ಚರ್ಚೆಯಾಗಿ, ಕೊನೆಗೆ ಹಾಗೆ ಅನ್ನಲು ಒಪ್ಪಿಗೆ ಸಿಕ್ಕಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯೂ ಆಯಿತು. ಒಂದು ಸಣ್ಣ ಮಾತಿಗಾಗಿ ದೊಡ್ಡವರು ಹೀಗೆ ಹಟ ಹಿಡಿದದ್ದು ಮಕ್ಕಳಿಗೆ ತುಂಬಾ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ.

ಇದಕ್ಕೆ ಪರೀಕ್ಷೆ ಇಲ್ಲ, ಅಂಕವೂ ಇಲ್ಲ. ನೆಂಟರು ಬಂದಾಗ "ಎಲ್ಲಿ, ಮಾವೊರಿ ಹೇಳು ನೋಡೋಣ" ಅಂತ ಮಗುವನ್ನು ಎದುರಿಗೆ ನಿಲ್ಲಿಸಬೇಡಿ. ಮೂಗಿಗೆ ಮೂಗು ಒತ್ತುವ ಅವರ ಪದ್ಧತಿಯನ್ನು ಮಕ್ಕಳು ವಿಡಿಯೋದಲ್ಲಿ ನೋಡಿರಬಹುದು. 'ಹೊಂಗಿ' ಎನ್ನುವ ಆ ಪದ್ಧತಿಗೆ ಅಲ್ಲಿ ಬಹಳ ಗೌರವ ಇದೆ. ಸುಮ್ನೆ ತಮಾಷೆಗೆ ಮಾಡುವುದು ಬೇಡ ಎಂದು ನೀವೂ ಒಂದು ಮಾತು ಹೇಳಿ.

ನಿಮ್ಮ ಮನೆಯಲ್ಲಿ ಶಾಲೆಯಲ್ಲಿಲ್ಲದ ಭಾಷೆ ಯಾವುದಾದರೂ ಇದ್ದರೆ ದಯವಿಟ್ಟು ಮಗುವಿನ ಡೈರಿಯಲ್ಲಿ ಬರೆದು ಕಳಿಸಿ. ಬಂದವರನ್ನು ಮಾತಾಡಿಸುವಾಗ, ಕಳಿಸಿಕೊಡುವಾಗ ಅಜ್ಜ ಅಜ್ಜಿ ಏನು ಅನ್ನುತ್ತಾರೆ ಎಂಬುದನ್ನೂ ಬರೆಯಿರಿ. ಮುಂದಿನ ತಿಂಗಳು ಯಾವ ಭಾಷೆ ಎಂದು ಅದನ್ನು ನೋಡಿ ತೀರ್ಮಾನಿಸುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ