ಅದು ಕೈಯಲ್ಲಿ ಬಿಡಿಸಿದ್ದಲ್ಲ, ಅಚ್ಚು ಹಾಕಿದ್ದು

ಸಂಪಾದಕರೇ,

ಕಂಟೋನ್‌ಮೆಂಟ್ ಬಂಗಲೆಗಳ ಹಳೇ ಸಾಮಾನಿನ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಇಂಗ್ಲೆಂಡಿನ ನೀಲಿ-ಬಿಳಿ ತಟ್ಟೆಯ ಫೋಟೊ ಕೆಳಗೆ 'ಕೈಯಲ್ಲಿ ಬಿಡಿಸಿದ ಚಿತ್ತಾರ' ಎಂದು ಹಾಕಿದ್ದೀರಿ. ಅದು ಅಚ್ಚು. ಬೆಂಗಳೂರಿನ ಕೆಲವು ಅಂಗಡಿಗಳಲ್ಲೂ ಹೀಗೇ ಹೇಳಿ ಜಾಸ್ತಿ ಬೆಲೆ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಚ್ಚು ಅಂದರೆ ಸುಮ್ನೆ ಕೆಲಸ ಅಲ್ಲ. ಇಡೀ ಚಿತ್ರವನ್ನು ಮೊದಲು ತಾಮ್ರದ ಹಲಗೆಯ ಮೇಲೆ ಗೆರೆ, ಚುಕ್ಕೆಗಳಲ್ಲಿ ಕೆತ್ತಬೇಕು. ಗೆರೆ ಆಳವಾದಷ್ಟೂ ನೀಲಿ ಗಾಢ. ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಬಣ್ಣವನ್ನು ಅದಕ್ಕೆ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಕತ್ತರಿಸಿ, ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ ಬ್ರಷ್‌ನಿಂದ ಗಟ್ಟಿಯಾಗಿ ಉಜ್ಜುತ್ತಿದ್ದರು. ನೀರಲ್ಲಿ ತೊಳೆದರೆ ಕಾಗದ ಹೋಗುತ್ತದೆ, ಬಣ್ಣ ಉಳಿಯುತ್ತದೆ. ಆಮೇಲೆ ಎಣ್ಣೆ ಹೋಗಲು ಒಮ್ಮೆ ಸುಟ್ಟು, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕಿ ಮತ್ತೆ ಭಟ್ಟಿಗೆ. ಅಂಟಿಸಿ ಉಜ್ಜುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಕೈಚಿತ್ರ ಅಂದುಬಿಟ್ಟರೆ ಇವರೆಲ್ಲರ ದುಡಿಮೆಯೇ ಲೆಕ್ಕಕ್ಕೆ ಬರುವುದಿಲ್ಲ, ಅಲ್ವಾ?

1756ರಲ್ಲಿ ಲಿವರ್‌ಪೂಲ್‌ನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಟೈಲ್‌ಗಳಿಗೆ ಅಚ್ಚು ಹಾಕಿದ್ದಾಗಿ ಪ್ರಮಾಣ ಮಾಡಿ ಹೇಳಿದ್ದರು. ಗ್ಲೇಜಿನ ಕೆಳಗಿನ ಈ ನೀಲಿ ಅಚ್ಚನ್ನು 1784ರ ಹೊತ್ತಿಗೆ ಇಂಗ್ಲೆಂಡಿನ ಸ್ಟೋಕ್ ಊರಿನಲ್ಲಿ ಚೆನ್ನಾಗಿ ಕುದುರಿಸಿದವರು ಪಿಂಗಾಣಿ ತಯಾರಕ ಜೋಸಯಾ ಸ್ಪೋಡ್. ನಮ್ಮ ದೇಶವೂ ಆ ತಟ್ಟೆಗಳಿಗೆ ಬಂತು. ಬಂಗಾಳದಲ್ಲಿ ಸೈನ್ಯದಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಅವರ ಬೇಟೆ ಪುಸ್ತಕದ ಚಿತ್ರಗಳನ್ನೇ ಸ್ಪೋಡ್ ಕಾರ್ಖಾನೆ ಒಂದು ಇಡೀ ಊಟದ ಸೆಟ್‌ಗೆ ಬಳಸಿತು, ಒಂದೊಂದು ಪಾತ್ರೆಗೆ ಒಂದೊಂದು ದೃಶ್ಯ.

ಗುರುತಿಸುವುದು ಕಷ್ಟವಿಲ್ಲ. ಅಂಚಿನ ಬಳ್ಳಿಯನ್ನು ಸುತ್ತಲೂ ನೋಡುತ್ತಾ ಹೋಗಿ. ಎಲ್ಲೋ ಒಂದು ಕಡೆ ಅದು ಸರಿಯಾಗಿ ಕೂಡಿರುವುದಿಲ್ಲ. ನಮ್ಮ ಮನೆಯ ತಟ್ಟೆಯಲ್ಲಿ ಒಂದು ಹೂವು ಅರ್ಧಕ್ಕೇ ತುಂಡಾಗಿ, ಪಕ್ಕದಲ್ಲೇ ಬೇರೆ ಎಲೆ ಶುರುವಾಗುತ್ತದೆ. ಕಾಗದದ ಎರಡು ತುದಿ ಸೇರಿದ ಜಾಗ ಅದು. ಕೆಲವು ಕಡೆ ಕಾಗದ ಮಡಚಿಕೊಂಡು ಕೂದಲೆಳೆಯಂಥ ಬಿಳಿ ಗೆರೆಯೂ ಉಳಿದಿರುತ್ತದೆ. ಅಚ್ಚಿನ ಮೇಲೆ ಕೈಯಲ್ಲಿ ಬಣ್ಣ ತುಂಬಿದವೂ ಇವೆ, ಅವನ್ನು ಹಾಗೇ ಹೇಳಿದರಾಯಿತು.

ಹಿಂಬದಿಯಲ್ಲಿ 'ಇಂಗ್ಲೆಂಡ್' ಎಂಬ ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು, ಮಾಲಿನ ಮೇಲೆ ದೇಶದ ಹೆಸರು ಇರಬೇಕೆಂದ ಅಮೆರಿಕದ ಆಮದು ಕಾನೂನಿನಿಂದ ಬಂದದ್ದು. ಹಾಗಾಗಿ ಮುಂದಿನ ಸಲ ತಟ್ಟೆಯ ಹಿಂಬದಿಯ ಫೋಟೊವನ್ನೂ ಹಾಕಿ, ಈ ಸಲದ ಅಡಿಬರಹಕ್ಕೆ ತಿದ್ದುಪಡಿ ಪ್ರಕಟಿಸಿ.

— ಒಬ್ಬ ಓದುಗ, ಬೆಂಗಳೂರು