ಸೂಜಿ ಹಿಡಿಯೋದು ಮೊದಲ ವರ್ಷವೇ ಕಲಿಸಿ

ಮಾನ್ಯರೇ,

ನಾನು ಆಪರೇಷನ್ ಥಿಯೇಟರ್‌ನಲ್ಲಿ ದುಡಿದು ನಿವೃತ್ತಳಾದ ನರ್ಸ್. ಮೊಮ್ಮಗಳು ಮೊದಲ ವರ್ಷದ ಎಂಬಿಬಿಎಸ್. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದೋದೇ ಆಯ್ತು, ಗಾಯ ಹೊಲಿಯೋ ಸೂಜಿ ಮುಟ್ಟಿಲ್ಲ. ಭಾನುವಾರ ಹೊಲಿದು ಕಲಿಯಲು ಬಾಳೆಹಣ್ಣಿನ ಸಿಪ್ಪೆ ಕೊಟ್ಟು ಕೂರಿಸಿದೆ. (ರಸಬಾಳೆ ಅಲ್ಲ, ಅಷ್ಟು ಧಾರಾಳಿ ನಾನಲ್ಲ!) ಸೂಜಿಯನ್ನು ಬೆರಳಲ್ಲಿ ಹಿಡಿಯಬಾರದು, ಇಕ್ಕಳದಂಥ ನೀಡಲ್ ಹೋಲ್ಡರ್‌ನಲ್ಲಿ ಹಿಡಿಯಬೇಕು. ಚರ್ಮಕ್ಕೆ 90 ಡಿಗ್ರಿಯಲ್ಲಿ ಚುಚ್ಚಿ, ಸೂಜಿಯ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಿಸಬೇಕು. ಗಂಟು ಜಾಸ್ತಿ ಬಿಗಿದರೆ ರಕ್ತ ಹರಿಯದೆ ಗಾಯದ ಅಂಚು ಸಾಯುತ್ತದೆ. ಸಿಪ್ಪೆ ಹರಿದಾಗ ಅವಳಿಗೆ ಬಿಗಿಯ ಅಂದಾಜು ಸಿಕ್ಕಿತು. ಪುಸ್ತಕದಲ್ಲಿ ಇದು ಸಿಗಲ್ಲ, ಅಲ್ವಾ?

ನಿಯಮದಂತೆ ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಸ್ಕಿಲ್ ಲ್ಯಾಬ್ (ಮಾದರಿಗಳ ಮೇಲೆ ಕೈಕೆಲಸ ಕಲಿಯೋ ಕೊಠಡಿ) ಇರಬೇಕು. ಮೊದಲ ವರ್ಷದವರಿಗೂ ವಾರಕ್ಕೊಂದು ಗಂಟೆ ಅದರ ಬಾಗಿಲು ತೆರೆಯಲಿ. ಕಲಿಸಲು ನಮ್ಮಂಥ ಹಳೇ ಥಿಯೇಟರ್ ನರ್ಸ್‌ಗಳನ್ನೂ ಕರೆಯಲಿ.

— ನಿವೃತ್ತ ನರ್ಸ್, ಸರಸ್ವತಿಪುರಂ, ಮೈಸೂರು