ಟ್ಯಾಂಕಿನ ಮುಚ್ಚಳಕ್ಕೆ ಕಿವಿಗೊಟ್ಟ ಆ ಮೆಕ್ಯಾನಿಕ್‌ಗೆ

ವೇಗ 70 ದಾಟಿದರೆ ಹಳೆಯ ಬೈಕ್ ಉಸಿರುಗಟ್ಟಿದಂತೆ ಮುಗ್ಗರಿಸುತ್ತಿತ್ತು. ನಿಧಾನಕ್ಕೆ ಓಡಿಸಿದರೆ ಏನೂ ತೊಂದರೆಯಿಲ್ಲ. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸವು. ರಸ್ತೆ ಬದಿಯಲ್ಲಿ ದಿಕ್ಕು ತೋಚದೆ ನಿಂತಿದ್ದಾಗ ನೀವು ಗಾಡಿ ನಿಲ್ಲಿಸಿದಿರಿ ಅಣ್ಣಾ. ಸ್ಪ್ಯಾನರ್ ಮುಟ್ಟುವ ಮೊದಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಟ್ಟಿರಿ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಗಾಳಿರಂಧ್ರ ಕಟ್ಟಿದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪೆಟ್ರೋಲ್ ಸರಿಯಾಗಿ ಇಳಿಯುವುದಿಲ್ಲ. ಕಡಿಮೆ ವೇಗಕ್ಕೆ ಆ ಸಣ್ಣ ಹರಿವೇ ಸಾಕು, ವೇಗ ಏರಿದಾಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲು ಬರಿದಾಗುತ್ತದೆ ಎಂದಿರಿ. ಎಂಜಿನ್ ತಣ್ಣಗಾಗುವವರೆಗೆ ಕಾದು, ಪೈಪ್ ಕಳಚಿ ಬಾಟಲಿಗೆ ಹರಿಸಿ ತೋರಿಸಿದಿರಿ: ಮುಚ್ಚಳ ಹಾಕಿದಾಗ ಬರಬರುತ್ತಾ ತೊಟ್ಟು ತೊಟ್ಟು, ತೆರೆದೊಡನೆ ಧಾರೆ. ತೆಳು ತಂತಿಯಿಂದ ರಂಧ್ರದ ಕೊಳೆ ಬಿಡಿಸಿ, ‘ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಡಿ, ಮೊದಲು ಓಡಿಸಿ ನೋಡಿ’ ಎಂದು ಕೈ ಒರೆಸಿಕೊಂಡು ಹೊರಟುಬಿಟ್ಟಿರಿ. 80ರಲ್ಲೂ ಎಂಜಿನ್ ಮುಗ್ಗರಿಸಲಿಲ್ಲ. ಹೆಸರು ಕೇಳಲಾಗಲಿಲ್ಲ, ತುಂಬಾ ಧನ್ಯವಾದ.